ಬೇಸಿಗೆಯ ತಾಪ ಮತ್ತು ಹಾಲು ಕರೆಯುವ ಹಸು

ಬೇಸಿಗೆಯಲ್ಲಿ ಬಿಳಿಗೆರೆಯ ಸುತ್ತಲಿನ ಊರುಗಳಲ್ಲಿ ಹಾಲು ಇಳಿದಾಗ ಹಸಿಮೇವಿನ ಕೊರತೆಯೇ ಕಾರಣವೆಂದು ಹೇಳುವುದು ರೂಢಿ. ಆ ಮಾತು ಸುಳ್ಳಲ್ಲ. ಆದರೆ ಮೇವು ಸಾಕಷ್ಟಿರುವ ಮನೆಯಲ್ಲಿಯೂ ಹಾಲು ಇಳಿಯುವುದುಂಟು. ಅದಕ್ಕೆ ಕಾರಣವನ್ನು ಹಸುವಿನ ದೇಹದೊಳಗೆ ಹುಡುಕಬೇಕಾಗುತ್ತದೆ.

ಹಸುವಿನ ಸಹಜ ದೇಹೋಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಮೇವು ದೊಡ್ಡ ಹೊಟ್ಟೆಯಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. ಹಾಲು ಹೆಚ್ಚಿದಷ್ಟೂ ಈ ಒಳಶಾಖವೂ ಹೆಚ್ಚು. ಆದುದರಿಂದಲೇ ಹೆಚ್ಚು ಹಾಲು ಕೊಡುವ ಎಚ್.ಎಫ್. ಮಿಶ್ರತಳಿ ಎಲ್ಲಕ್ಕಿಂತ ಮೊದಲು ಬಳಲುತ್ತದೆ. ಹವೆ 25–27 ಡಿಗ್ರಿ ದಾಟಿದಾಗಲೇ ಅದಕ್ಕೆ ಕಷ್ಟ ಆರಂಭವಾಗುತ್ತದೆ. ಇಲ್ಲಿಯ ಏಪ್ರಿಲ್ ಮಧ್ಯಾಹ್ನಗಳು 35 ಡಿಗ್ರಿ ಮುಟ್ಟುವುದು ಸಾಮಾನ್ಯ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಸಾಕಲಾಗುವ ಅಮೃತಮಹಲ್ ತಳಿ ಇದೇ ಬಿಸಿಲನ್ನು ತಾಳಿಕೊಳ್ಳುತ್ತದೆ. ಅದು ಚೆನ್ನಾಗಿ ಬೆವರುತ್ತದೆ, ಹಾಲು ಕಡಿಮೆಯಾದ್ದರಿಂದ ಒಳಶಾಖವೂ ಕಡಿಮೆ.

ತಾಪ ಏರಿದಾಗ ಹಸುವಿನ ರಕ್ತ ಚರ್ಮದ ಕಡೆಗೆ ಹೆಚ್ಚು ಹರಿದು ಕರುಳಿಗೆ ಕಡಿಮೆಯಾಗುತ್ತದೆ. ಹಸು ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಹೊಟ್ಟೆಯ ಹುಳಿಯನ್ನು ತಗ್ಗಿಸುವುದೇ ಜೊಲ್ಲು. ಅದು ನೆಲಕ್ಕೆ ಹೋದರೆ ಹೊಟ್ಟೆ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಹಾಲಿನ ಕೊಬ್ಬು ಇಳಿಯುತ್ತದೆ. ಕೊಬ್ಬಿನ ಆಧಾರದ ಮೇಲೆ ದರ ಪಡೆಯುವ ರೈತನಿಗೆ ಪ್ರಮಾಣದಲ್ಲಿಯೂ ದರದಲ್ಲಿಯೂ ನಷ್ಟ. ಇಂತಹ ಸಮಯದಲ್ಲಿ ಹಾಲು ಹೆಚ್ಚಲೆಂದು ಜೋಳದ ನುಚ್ಚನ್ನು ಅಧಿಕವಾಗಿ ಹಾಕುವುದು ಹುಳಿಯನ್ನು ಹೆಚ್ಚಿಸುತ್ತದೆಯೇ ಹೊರತು ಹಾಲನ್ನಲ್ಲ.

ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಬೆದೆಯ ಲಕ್ಷಣ ಮಂಕಾಗುತ್ತದೆ. ಗರ್ಭ ಕಟ್ಟಿದರೂ ಮೊದಲ ದಿನಗಳಲ್ಲಿಯೇ ಭ್ರೂಣ ನಶಿಸಬಹುದು. ಇದರ ಲೆಕ್ಕ ಮುಂದಿನ ವರ್ಷ ಕರು ತಡವಾದಾಗ ಸಿಗುತ್ತದೆ. ಬತ್ತಿದ ಗಬ್ಬದ ಹಸುವನ್ನು ಹಾಲಿಲ್ಲವೆಂದು ಬಿಸಿಲಿಗೆ ಬಿಡುವುದೂ ತಪ್ಪು. ಕೊನೆಯ ಎರಡು ತಿಂಗಳ ತಾಪ ಮುಂದಿನ ಸೂಲಿನ ಹಾಲನ್ನೇ ತಗ್ಗಿಸುತ್ತದೆ.

ತೆಂಗಿನ ತೋಟದ ನೆರಳು ಈ ಭಾಗದ ಭಾಗ್ಯವೇ ಸರಿ. ಆದರೆ ಬೆಳಿಗ್ಗೆ ಮರದ ನೆರಳಿನಲ್ಲಿ ಕಟ್ಟಿದ ಹಸು ಅಲ್ಲಿಯೇ ಇರುತ್ತದೆ, ನೆರಳು ಇರುವುದಿಲ್ಲ. ತಗ್ಗಾದ ತಗಡಿನ ಶೀಟಿನ ಕೊಟ್ಟಿಗೆ ಮಧ್ಯಾಹ್ನ ಒಲೆಯಂತಾಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿಯನ್ನು ದಪ್ಪವಾಗಿ ಹೊದಿಸಿ, ಎರಡು ಬದಿ ಗಾಳಿಗೆ ತೆರೆದಿಟ್ಟರೆ ಖರ್ಚು ಅತ್ಯಲ್ಪ. ಉದ್ಯೋಗ ಖಾತರಿಯಡಿ ಕಟ್ಟಿದ ಕೊಟ್ಟಿಗೆಗಳನ್ನು ಸದಸ್ಯರು ಒಮ್ಮೆ ನಡುಮಧ್ಯಾಹ್ನ ನೋಡುವುದು ಒಳ್ಳೆಯದು.

ಹಾಲಿನಲ್ಲಿ ಸುಮಾರು 87 ಭಾಗ ನೀರು. ಬೇಸಿಗೆಯಲ್ಲಿ ಕರೆಯುವ ಹಸು ದಿನಕ್ಕೆ 80–100 ಲೀಟರ್ ಕುಡಿಯಬಲ್ಲದು. ದಿನಕ್ಕೆ ಎರಡು ಬಾರಿ ಬಕೆಟ್ ತೋರಿಸಿದರೆ ಇದು ತುಂಬದು. ದನಗಳ ಕುಡಿಯುವ ನೀರಿನ ತೊಟ್ಟಿಗಳನ್ನು ಗ್ರಾಮ ಪಂಚಾಯಿತಿ ನೆರಳಿನಲ್ಲಿ ಕಟ್ಟಿಸಿ, ಸಂಜೆಯೂ ತುಂಬಿಸಬೇಕು. ಹಗಲಿನ ತಾಪವನ್ನು ಹಸು ಇಳಿಸಿಕೊಳ್ಳುವುದು ರಾತ್ರಿಯಲ್ಲಿ.

ತಾಪವನ್ನು ಅಳೆಯಲು ಉಪಕರಣ ಬೇಕಿಲ್ಲ. ನೆರಳಿನಲ್ಲಿ ನಿಂತ ಹಸುವಿನ ಪಕ್ಕೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿದರೆ ಸಾಕು. 60 ದಾಟಿದರೆ ಮೈಮೇಲೆ ನೀರು ಸುರಿದು ಗಾಳಿಯಾಡುವಲ್ಲಿ ನಿಲ್ಲಿಸಬೇಕು. ಬಾಯಿ ತೆರೆದು, ನಾಲಿಗೆ ಚಾಚಿ ತೇಕುತ್ತಿದ್ದರೆ ಪಶುವೈದ್ಯರನ್ನು ಅಥವಾ ಸಹಾಯವಾಣಿ 1962 ಅನ್ನು ತಡಮಾಡದೆ ಸಂಪರ್ಕಿಸುವುದು.