ಗಣಕಚಿತ್ರವೂ ಕನ್ನಡದ ಅಕ್ಷರವೂ

ಗಣಕಯಂತ್ರದಿಂದ ಚಿತ್ರ ರಚಿಸುವ ವಿದ್ಯೆಯ ಮಾತು ಬಂದೊಡನೆ ನಮ್ಮ ಜನರ ಮನಸ್ಸು ಸಿನೇಮಾದ ಕಡೆಗೆ ಓಡುತ್ತದೆ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಎಂದೋ ಅಳಿದುಹೋದ ಪ್ರಾಣಿಗಳು ನಡೆದಾಡಿದುದನ್ನೂ, 1995ರ ‘ಟಾಯ್ ಸ್ಟೋರಿ’ಯು ಮೊದಲಿನಿಂದ ಕೊನೆಯವರೆಗೆ ಗಣಕದಲ್ಲಿಯೇ ಸಿದ್ಧವಾದುದನ್ನೂ ನೆನೆದು ಬೆರಗಾಗುತ್ತಾರೆ. ಬೆರಗಾಗಲಿ. ಆದರೆ ಒಂದು ವಿದ್ಯೆಯ ಬೆಲೆಯನ್ನು ಅದು ಹುಟ್ಟಿಸುವ ಬೆರಗಿನಿಂದ ಅಳೆಯುವ ಪದ್ಧತಿಯು ನಮಗೆ ಸಮ್ಮತವಾದುದಲ್ಲ. ಜಾತ್ರೆಯ ಗಾರುಡಿಗನೂ ಬೆರಗು ಹುಟ್ಟಿಸುತ್ತಾನೆ. ಆ ವಿದ್ಯೆ ನಾಳೆ ಬೆಳಿಗ್ಗೆ ಇಲ್ಲವಾದರೆ ಯಾರ ಯಾವ ಕೆಲಸ ನಿಲ್ಲುವುದು ಎಂದು ಕೇಳಿ ನೋಡಬೇಕು.

ಹುಟ್ಟಿನಿಂದಲೂ ಇದು ಕೇವಲ ವಿನೋದದ ವಿದ್ಯೆಯಾಗಿರಲಿಲ್ಲ. ‘ಕಂಪ್ಯೂಟರ್ ಗ್ರಾಫಿಕ್ಸ್’ ಎಂಬ ಹೆಸರು 1960ರ ಸುಮಾರಿಗೆ ಅಮೆರಿಕೆಯ ಬೋಯಿಂಗ್ ವಿಮಾನ ಕಂಪನಿಯಲ್ಲಿ ಬಳಕೆಗೆ ಬಂದಿತು. ವಿಮಾನ ನಡೆಸುವವನ ಕೈ ಎಲ್ಲಿಯವರೆಗೆ ಚಾಚೀತು ಎಂಬುದನ್ನು ಅಲ್ಲಿ ವಿಲಿಯಂ ಫೆಟರ್ ಎಂಬವರು ಯಂತ್ರದಿಂದ ರೇಖೆಗಳಲ್ಲಿ ಬರೆಸಿ ಪರೀಕ್ಷಿಸುತ್ತಿದ್ದರು. ಪರದೆಯ ಮೇಲೆ ಬೆಳಕಿನ ಲೇಖನಿಯನ್ನು ಇಟ್ಟು ರೇಖೆ ಎಳೆಯುವ ಉಪಾಯವನ್ನು ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರವು ರೋಗಿಯೊಬ್ಬಳ ತಲೆಯ ಸುತ್ತ ಕ್ಷಕಿರಣಗಳನ್ನು ಹಾಯಿಸಿ, ಬಂದ ಅಂಕೆಗಳನ್ನು ಲೆಕ್ಕಹಾಕಿ, ಕತ್ತಿ ತಾಗಿಸದೆ ಮೆದುಳಿನ ಒಳಗನ್ನು ಚಿತ್ರವಾಗಿ ತೋರಿಸಿತು. ಆ ಚಿತ್ರದಲ್ಲಿದ್ದುದು 80 ಸಾಲು, ಸಾಲಿಗೆ 80 ಚೌಕ, ಅಷ್ಟೇ. 1979ರಲ್ಲಿ ಅವರಿಗೂ ಆಲನ್ ಕಾರ್ಮ್ಯಾಕರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಜಿಲ್ಲಾ ಆಸ್ಪತ್ರೆಯ ವೈದ್ಯರು ‘ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ’ ಎಂದು ಚೀಟಿ ಬರೆದುಕೊಡುವಾಗ ಅವರು ಬೇಡುತ್ತಿರುವುದು ಇದೇ ಗಣಕಚಿತ್ರವನ್ನು. ಇದರ ಬೆಲೆಯನ್ನು ರೋಗಿಯ ಮನೆಯವರನ್ನು ಕೇಳಿದರೆ ಸಾಕು. ನಾವು ಹೆಚ್ಚಿಗೆ ಬರೆಯಬೇಕಾದುದಿಲ್ಲ.

ನಾವು ವಾಚಕರ ಲಕ್ಷ್ಯಕ್ಕೆ ತರಬಯಸುವ ಉಪಯೋಗವು ಇವೆಲ್ಲಕ್ಕಿಂತ ಸಾಮಾನ್ಯವಾದುದು. ಸಾಮಾನ್ಯವಾದುದರಿಂದಲೇ ಯಾರ ಕಣ್ಣಿಗೂ ಬೀಳದೆ ಇರುವುದು. ಗಣಕದ ಪರದೆಯ ಮೇಲೆ, ಕೈಯಲ್ಲಿನ ಫೋನಿನ ಮೇಲೆ ಕಾಣುವ ಪ್ರತಿಯೊಂದು ಅಕ್ಷರವೂ ಒಂದು ಚಿತ್ರ. ಸೀಸದ ಮೊಳೆ ಅಲ್ಲಿಲ್ಲ. ಅಂಕೆಯಾಗಿ ಅಡಗಿರುವ ಅಕ್ಷರವನ್ನು ಯಂತ್ರವು ಕಣ್ಣ ಮುಂದೆ ಪ್ರತಿ ಸಲವೂ ಹೊಸದಾಗಿ ಬರೆಯುತ್ತದೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಟುದು ಮೊಳೆಯಿಂದಲ್ಲ, ಕಲ್ಲಚ್ಚಿನಿಂದ, ಅಂದರೆ ಬರೆಹದ ಚಿತ್ರವನ್ನೇ ಕಲ್ಲಿನ ಮೇಲಿಂದ ಒತ್ತಿದುದು. ಅಲ್ಲಿಂದ ಮೊಳೆಗೆ ಬಂದ ನಾವು ಮೊಳೆಯಿಂದ ತಿರುಗಿ ಚಿತ್ರಕ್ಕೇ ಬಂದಿದ್ದೇವೆ.

ಈ ಅಕ್ಷರಚಿತ್ರವನ್ನು ಬರೆಯುವ ರೇಖೆಯ ಕಥೆ ಸ್ವಾರಸ್ಯವಾದುದು. ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ಕಾರಿನ ಮೈಯ ಬಾಗುಗಳನ್ನು ಯಂತ್ರಕ್ಕೆ ತಿಳಿಸುವುದು ಹೇಗೆಂಬ ಪ್ರಶ್ನೆ ಇದ್ದಿತು. ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿಯೇ ಒಂದು ಗಣಿತಮಾರ್ಗವನ್ನು ಕಂಡುಕೊಂಡರು; ಕಂಪನಿಯು ಅದನ್ನು ಗುಟ್ಟಾಗಿ ಇಟ್ಟಿತು. ರೆನೋ ಕಂಪನಿಯ ಪಿಯರ್ ಬೆಜಿಯೆ ಬೇರೆಯಾಗಿ ಅದನ್ನೇ ಸಾಧಿಸಿ ಪ್ರಕಟಿಸಿದುದರಿಂದ ಆ ರೇಖೆಗೆ ಬೆಜಿಯೆಯ ಹೆಸರು ನಿಂತಿತು. ವಿದ್ಯೆಯನ್ನು ಬಚ್ಚಿಟ್ಟವರಿಗೆ ಹೆಸರೂ ಉಳಿಯುವುದಿಲ್ಲ! ಎರಡು ತುದಿಗಳನ್ನು ನೆಟ್ಟು, ನಡುವೆ ಒಂದೆರಡು ಬಿಂದುಗಳಿಂದ ರೇಖೆಯನ್ನು ಸೆಳೆದರೆ ಬೇಕಾದ ಬಾಗು ಬರುತ್ತದೆ. 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣದ ಯಂತ್ರಭಾಷೆಯು ಅಕ್ಷರದ ಅಂಚನ್ನು ಈ ರೇಖೆಯಿಂದಲೇ ಬರೆಯಿತು. ಅಂಕುಡೊಂಕಿಲ್ಲದ ಗೀಟುಗಳಿಂದ ತುಂಬಿದ ರೋಮನ್ ಲಿಪಿಗಿಂತ, ಮೈಯೆಲ್ಲ ದುಂಡಾದ ಕನ್ನಡ ಲಿಪಿಗೆ ಇದರಿಂದಾದ ಲಾಭವು ದೊಡ್ಡದು.

ಆದರೆ ದುಂಡನ್ನು ಬರೆದ ಮಾತ್ರಕ್ಕೆ ಕನ್ನಡ ಬರೆದಂತಾಗದು. ‘ಸೂರ್ಯ’ ಎಂಬ ಪದವನ್ನು ನೋಡಿ. ಯಂತ್ರದ ಒಳಗೆ ರಕಾರವು ಮೊದಲು, ಯಕಾರವು ಆಮೇಲೆ, ನಾವು ಉಚ್ಚರಿಸುವ ಕ್ರಮದಲ್ಲಿಯೇ ಇರುತ್ತದೆ. ಬರೆಹದಲ್ಲಿಯಾದರೋ ಯಕಾರವು ಮುಂದೆ ಬಂದು ರಕಾರವು ಅರ್ಕಾವೊತ್ತಾಗಿ ಅದರ ಬಲಕ್ಕೆ ನಿಲ್ಲಬೇಕು. ‘ರಾಷ್ಟ್ರ’ದಲ್ಲಿ ಷಕಾರದ ಕೆಳಗೆ ಟಕಾರವೂ, ಅದರೊಡನೆ ರಕಾರವೂ ಸೇರಬೇಕು. ಇದನ್ನೆಲ್ಲ ಚಿತ್ರ ಬರೆಯುವ ತಂತ್ರಾಂಶಕ್ಕೆ ಒಂದೊಂದಾಗಿ ಕಲಿಸಬೇಕು. ಕಲಿಸದೆ ಬಿಟ್ಟ ಯಂತ್ರಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡಿ, ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಕಾಣಿಸಿಕೊಂಡುದನ್ನು ವಾಚಕರು ಬಲ್ಲರು. ರೋಮನ್ ಲಿಪಿಯ ಎತ್ತರಕ್ಕೆ ಸಾಲನ್ನು ಅಳೆದುಕೊಂಡ ಕೆಲವು ತಂತ್ರಾಂಶಗಳಲ್ಲಿ ಇಂದಿಗೂ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಅಂತರ್ಜಾಲದಲ್ಲಿ ಗೂಗಲ್ ಸಂಸ್ಥೆಯವರು ಉಚಿತವಾಗಿ ಹಂಚುವ ಅಕ್ಷರಶೈಲಿಗಳು ಸಾವಿರಕ್ಕೂ ಮಿಕ್ಕಿವೆ. ಕನ್ನಡ ಬರೆಯಬಲ್ಲವು ಅವುಗಳಲ್ಲಿ ಹತ್ತನೆಯ ಒಂದು ಪಾಲೂ ಇಲ್ಲ.

ಈ ವಿಷಯದಲ್ಲಿ ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಕಿನ್ನಿಕಂಬಳ ಪದ್ಮನಾಭರಾಯರು ಉಚ್ಚಾರಣೆಯನ್ನು ಅನುಸರಿಸಿದ ಕೀಲಿಮಣೆಯನ್ನು ರೂಪಿಸಿಕೊಟ್ಟರು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ ತಂತ್ರಾಂಶವನ್ನು ಸಿದ್ಧಪಡಿಸಿದರು. ಆದರೆ ಆ ಮೊದಲ ಕಾಲದಲ್ಲಿ ಒಂದು ಅಡ್ಡದಾರಿಯನ್ನು ಹಿಡಿಯಬೇಕಾಯಿತು. ಯಂತ್ರದೊಳಗೆ ಕನ್ನಡಕ್ಕೆ ಸ್ವಂತದ ಸ್ಥಾನವು ಬಳಕೆಗೆ ಬಂದಿಲ್ಲದುದರಿಂದ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಣುಕುಗಳ ಚಿತ್ರವನ್ನು ಇರಿಸಲಾಯಿತು. ಯಂತ್ರವು ಇಂಗ್ಲಿಷನ್ನೇ ಬರೆಯುತ್ತಿದ್ದೇನೆಂದು ತಿಳಿದಿರುತ್ತಿತ್ತು. ಕಾಣುವುದು ಮಾತ್ರ ಕನ್ನಡ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ಗೋಜಲು! 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತದ 128 ಸ್ಥಾನಗಳು ದೊರೆತವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಅಕ್ಷರಶೈಲಿಯನ್ನು ಜೊತೆಗೇ ತಂದಿತು. ಆದರೂ ಹಳೆಯ ರೀತಿಯಲ್ಲಿ ಸಿದ್ಧವಾದ ಪುಸ್ತಕಗಳೂ ಕಚೇರಿಯ ಕಡತಗಳೂ ವರ್ಷವರ್ಷದ ಪತ್ರಿಕೆಗಳೂ ರಾಶಿಯಾಗಿ ಹಾಗೆಯೇ ಉಳಿದಿವೆ.

ಗಣಕಚಿತ್ರದ ಮಹತ್ವವೂ ಅದರ ಮಿತಿಯೂ ಒಟ್ಟಿಗೆ ತಿಳಿಯುವುದು ಇಲ್ಲಿಯೇ. ಹಿಂದೆ ಅಕ್ಷರವಿದ್ದು ಮುಂದೆ ಚಿತ್ರವಿದ್ದರೆ ಅದು ಬರೆಹ. ಹಿಂದೆ ಏನೂ ಇಲ್ಲದೆ ಚಿತ್ರವೊಂದೇ ಇದ್ದರೆ ಅದು ಬರೆಹದ ನೆರಳು. ಇಂದಿಗೂ ಅನೇಕ ಸರಕಾರಿ ಸುತ್ತೋಲೆಗಳನ್ನು ಕಾಗದದಲ್ಲಿ ಮುದ್ರಿಸಿ, ಮೊಹರು ಒತ್ತಿ, ಆ ಕಾಗದದ ಛಾಯೆಯನ್ನು ತೆಗೆದು ಜಾಲತಾಣದಲ್ಲಿ ಹಾಕುತ್ತಾರೆ. ಕಣ್ಣಿದ್ದವರು ಹೇಗೋ ಓದಿಯಾರು. ಅದರಲ್ಲಿ ತನ್ನ ಊರಿನ ಹೆಸರಿದೆಯೇ ಎಂದು ರೈತನು ಹುಡುಕಿದರೆ ಯಂತ್ರಕ್ಕೆ ಅದು ಸಿಕ್ಕುವುದಿಲ್ಲ, ಏಕೆಂದರೆ ಯಂತ್ರದ ಪಾಲಿಗೆ ಅಲ್ಲಿ ಇರುವುದು ಕಪ್ಪುಬಿಳುಪಿನ ಚುಕ್ಕೆಗಳೇ ಹೊರತು ಊರ ಹೆಸರಲ್ಲ. ಅಂಧರ ಸ್ಥಿತಿಯಂತೂ ಹೇಳತೀರದು. ಪರದೆಯ ಮೇಲಿನ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವು ಯೂನಿಕೋಡಿನ ಕನ್ನಡವನ್ನು ಓದುತ್ತದೆ. ಛಾಯೆಯ ಮುಂದೆ ಮೂಕವಾಗುತ್ತದೆ. ಅಂಗವಿಕಲರ ಮಾಸಾಶನದ ನಿಯಮಗಳೇ ಅಂಧನಿಗೆ ಕೇಳಿಸದ ರೂಪದಲ್ಲಿ ಹೊರಟರೆ ಅದನ್ನು ಪ್ರಕಟಣೆಯೆಂದು ಕರೆಯುವುದು ಹೇಗೆ?

ಸಿನೇಮಾದ ಗಣಕಚಿತ್ರಕ್ಕೆ ಕೋಟಿಗಟ್ಟಲೆ ಹಣ ಸುರಿಯುವವರು ಇದ್ದಾರೆ. ಅವರಿಗೆ ನಮ್ಮ ಶಿಫಾರಸು ಬೇಕಿಲ್ಲ. ಸರಕಾರದವರಿಂದ ನಾವು ಕೇಳುವುದು ಅಗ್ಗದ ಕೆಲಸ. ಆಜ್ಞೆ, ಸುತ್ತೋಲೆ, ಪಠ್ಯಪುಸ್ತಕಗಳನ್ನೆಲ್ಲ ಯೂನಿಕೋಡಿನ ಬರೆಹವಾಗಿಯೇ ಪ್ರಕಟಿಸಲಿ. ಮೊಹರಿನ ಛಾಯೆ ಬೇಕಾದರೆ ಅದರ ಪಕ್ಕದಲ್ಲಿರಲಿ. ಇಲಾಖೆಗಳು ಕೊಳ್ಳುವ ತಂತ್ರಾಂಶದಲ್ಲಿ ‘ರಾಷ್ಟ್ರ’ ಎಂಬ ಒಂದು ಪದವನ್ನು ಬರೆಯಿಸಿ, ಅದರ ಕಾಲು ಉಳಿದಿದೆಯೇ ಎಂದು ನೋಡಿಕೊಂಡು ಹಣ ಕೊಡಲಿ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಈಗಾಗಲೇ ಇವೆ, ಕೆಲವು ಉಚಿತವಾಗಿಯೂ ದೊರೆಯುತ್ತವೆ. ತಿರುಗಿಸುವಾಗ ಅಲ್ಲಲ್ಲಿ ಅರ್ಕಾವೊತ್ತು ತಪ್ಪುತ್ತದೆ, ದೀರ್ಘ ಜಾರುತ್ತದೆ. ಕುಳಿತು ಓದಿ ತಿದ್ದುವವರು ಬೇಕು. ಕರಡು ತಿದ್ದಿ ಪಳಗಿದ ಅಂಥವರನ್ನು ಕನ್ನಡದ ಅಚ್ಚುಕೂಟಗಳಿಂದ ನೂರು ಜನ ಬೇಕೆಂದರೂ ನಾವು ತೋರಿಸಿಕೊಡಬಲ್ಲೆವು.