ಹಲ್ಲಿಗಿಂತ ಮೊದಲು ಎಲುಬು

ನವಲಗುಂದ, ಕುಂದಗೋಳದ ಹಿರಿಯರಿಗೆ ಹಲ್ಲು ಹೋಯಿತೆಂದರೆ ಖಡಕ್ ರೊಟ್ಟಿಯ ಋಣವೇ ಹರಿದಂತೆ. ಆ ಋಣವನ್ನು ಮರಳಿ ಬೆಸೆಯುವುದು ದವಡೆಯಲ್ಲಿ ನೆಡುವ ಟೈಟಾನಿಯಂ ಬೇರು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಅದನ್ನು ಮೊದಲ ರೋಗಿಗೆ ನೆಟ್ಟರು. ಧಾರವಾಡದ ಸತ್ತೂರಿನಲ್ಲಿ 1986ರಿಂದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವಿರುವುದರಿಂದ ಹಳ್ಳಿಗರಿಗೂ ಈ ವಿದ್ಯೆ ದೂರದ್ದಲ್ಲ.

ನೆಡುವ ಮಾರ್ಗಗಳು ಮುಖ್ಯವಾಗಿ ಎರಡು. ಒಸಡನ್ನು ಸೀಳಿ, ಎಲುಬನ್ನು ಕಣ್ಣಾರೆ ಕಂಡು ನೆಡುವುದು ಒಂದು. ಒಸಡಿನಲ್ಲಿ ಕಿರುರಂಧ್ರ ಮಾತ್ರ ಕೊರೆದು ನೆಡುವುದು ಇನ್ನೊಂದು. ಎರಡನೆಯದರಲ್ಲಿ ನೋವು, ಬಾವು ಕಡಿಮೆ. ಆದರೆ ವೈದ್ಯರ ಕಣ್ಣಿಗೆ ಎಲುಬು ಕಾಣದು. ಅದು ಸಾಕಷ್ಟು ಅಗಲವಿರಬೇಕು, ಸ್ಕ್ಯಾನ್ ಚಿತ್ರದ ಆಧಾರವೂ ಬೇಕು. ಹಲ್ಲು ಹೋಗಿ ಬಹುಕಾಲವಾದ ದವಡೆ ಸವೆದು ಕಿರಿದಾಗಿರುತ್ತದೆ. ಅಲ್ಲಿ ಸೀಳುವ ಮಾರ್ಗವೇ ಹಲವೊಮ್ಮೆ ಕ್ಷೇಮ. ಆದುದರಿಂದ ‘ಹೊಲಿಗೆ ಎಷ್ಟು?’ ಎಂಬುದಕ್ಕಿಂತ ‘ಎಲುಬು ಎಷ್ಟಿದೆ?’ ಎಂಬುದೇ ವೈದ್ಯರಿಗೆ ಕೇಳಬೇಕಾದ ಮೊದಲ ಪ್ರಶ್ನೆ.