ಅಗಲ ಪರದೆಯ ಮಾನಿಟರ್: ಅಳತೆಗಿಂತ ಬಣ್ಣ ಮುಖ್ಯ

ದಟ್ಟಗಳ್ಳಿಯಂತಹ ಬಡಾವಣೆಗಳಲ್ಲಿ ಮದುವೆ ಆಲ್ಬಮ್ ಸಿದ್ಧಪಡಿಸುವ ಚಿಕ್ಕ ಸ್ಟುಡಿಯೋಗಳಿಗೆ ಮಾನಿಟರ್ ಆಯ್ಕೆ ಲಾಭನಷ್ಟದ ಪ್ರಶ್ನೆ. ಪರದೆಯಲ್ಲಿ ಕಂಡ ಧಾರೆ ಸೀರೆಯ ಕೆಂಪು ಮುದ್ರಣದಲ್ಲಿ ಬೇರೆಯಾದರೆ ಮರುಮುದ್ರಣದ ವೆಚ್ಚ ಮಾಲೀಕರದೇ.

ಆದ್ದರಿಂದ ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಪರದೆಯನ್ನೂ ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯನ್ನೂ ಮೊದಲು ಪರಿಶೀಲಿಸಬೇಕು. ಅಗಲದಷ್ಟೇ ಎತ್ತರವೂ ಗಣನೀಯ: 3:2 ಅನುಪಾತದ ಚಿತ್ರವು 1920×1080 ಪರದೆಗಿಂತ 1920×1200 ಪರದೆಯಲ್ಲಿ ಸುಮಾರು ಶೇ. 23ರಷ್ಟು ಹೆಚ್ಚು ಬಿಂದುಗಳಲ್ಲಿ ಮೂಡುತ್ತದೆ.

2025ರ ಸೆಪ್ಟೆಂಬರ್ 22ರಿಂದ 32 ಅಂಗುಲ ಮೀರಿದ ಮಾನಿಟರ್‌ಗಳ ಜಿಎಸ್‌ಟಿಯೂ ಶೇ. 28ರಿಂದ 18ಕ್ಕೆ ಇಳಿದಿದೆ. ನೋಂದಾಯಿತ ಸ್ಟುಡಿಯೋಗಳು ವ್ಯವಹಾರಕ್ಕೆ ಕೊಂಡ ಮಾನಿಟರ್‌ನ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಉಳಿದ ಹಣವನ್ನು ಇನ್ನೂ ದೊಡ್ಡ ಪರದೆಗೆ ಸುರಿಯದೆ, ಬಣ್ಣ ಸರಿಹೊಂದಿಸುವ ಕ್ಯಾಲಿಬ್ರೇಟರ್‌ಗೆ ವಿನಿಯೋಗಿಸುವುದು ವಿವೇಕ.